ಬೀರುವಿನಲ್ಲಿ ಬೀಗ ಹಾಕಿದ್ದ ಸಿಗ್ನಲ್

ಆಗ ನನಗೆ ಅರವತ್ತೆಂಟು; ಹದಿನಾರು ವರ್ಷದ ಹಿಂದಿನ ಮಾತು. ಭದ್ರಾವತಿ ನ್ಯೂ ಟೌನಿನ ನಮ್ಮ ಮನೆಯಲ್ಲಿ, ಸೊಸೆ ಟೈಪಿಂಗ್ ಕೆಲಸಕ್ಕೆಂದು ತಂದ ಪ್ರಿಂಟರಿಗೆ ವೈರ್‌ಲೆಸ್ ಸಿಗ್ನಲ್ ಸಿಗುತ್ತಲೇ ಇರಲಿಲ್ಲ. ಶಿವಮೊಗ್ಗದಿಂದ ಬಂದ ರಿಪೇರಿಯವನೂ ಕೈಚೆಲ್ಲಿದ.

"ವಾಪಸ್ ಕೊಟ್ಬಿಡೆ, ಮನೇಲಿರೋಳಿಗೆ ಇದೆಲ್ಲ ಯಾಕೆ?" ಎಂದ ನನ್ನ ಮಗ. ಸೊಸೆ ಪ್ರಿಂಟರನ್ನು ಡಬ್ಬಕ್ಕೆ ತುಂಬತೊಡಗಿದಳು.

ಸಿಗ್ನಲ್ ಕೊಡುವ ಪೆಟ್ಟಿಗೆಯನ್ನು ಕಳ್ಳರಿಗೆ ಹೆದರಿ, ತಂತಿಯಷ್ಟೇ ಹೊರಗೆ ಬಿಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದವನು ಆ ನನ್ನ ಮಗನೇ.

"ನಿಮ್ಮಪ್ಪ ಮೂವತ್ತು ವರ್ಷ ಉಕ್ಕು ಕಾಯಿಸಿದ್ರು ಕಣೋ. ಉಕ್ಕಿನ ಬೀರು ದಾಟಿ ಗಾಳೀನೇ ಬರಲ್ಲ, ಇನ್ನು ನಿನ್ ಸಿಗ್ನಲ್ ಬರುತ್ತಾ?" ಎಂದು ಬೀಗ ತೆಗೆದು ಪೆಟ್ಟಿಗೆಯನ್ನು ಹೊರಗಿಟ್ಟೆ. ಪ್ರಿಂಟರ್ ಗರಗರ ಕಾಗದ ಉಗುಳಿತು.

ಓದಿದವರ ಎದುರು ಬಾಯಿ ಮುಚ್ಚಿಕೊಂಡಿರುವುದನ್ನು ಅಂದೇ ಬಿಟ್ಟೆ. ಮರುದಿನ ಬೆಳಿಗ್ಗೆ ಸೊಸೆಯನ್ನು ಪ್ರಿಂಟರಿನ ಮುಂದೆ ಕೂರಿಸಿ, ಮಗನ ಕೈಗೆ ರೊಟ್ಟಿ ಹಿಟ್ಟು ಕೊಟ್ಟೆ.