ರೈಲಿನೊಳಗಿನ ಅಂಚೆ ಮುದ್ರೆ

ಕೈ ಮುರಿದ ಗಿರಣಿ ಕೆಲಸಗಾರನೊಬ್ಬನ ವಿಮೆ ಅರ್ಜಿ ಕಳಿಸಲು ಅಂದೇ ಕೊನೆಯ ದಿನ. ಲಕೋಟೆಯ ಮೇಲೆ ಅಂದಿನ ಮುದ್ರೆ ಬೀಳದಿದ್ದರೆ ಅವನ ಚಿಕಿತ್ಸೆಯ ಹಣ ಬರುತ್ತಿರಲಿಲ್ಲ. ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಡಾಕ್ಟರು ಅದಕ್ಕೆ ಸಹಿ ಹಾಕುವಷ್ಟರಲ್ಲಿ ಅಂಚೆ ಕಚೇರಿ ಮುಚ್ಚಿತ್ತು. ಬೆಂಗಳೂರು ರೈಲಿನ ಅಂಚೆ ಬೋಗಿಯಲ್ಲಿ ಹೊರಡುವವರೆಗೂ ಕಾಗದ ತೆಗೆದುಕೊಳ್ಳುತ್ತಾರೆಂದು ಮುಚ್ಚಿದ ಕಚೇರಿಯ ಬೋರ್ಡಿನಲ್ಲಿ ಓದಿ, ಸ್ಟೇಷನ್ನಿಗೆ ಓಡಿದೆ.

ಬೋಗಿಯೊಳಗೆ ಇಡೀ ಅಂಚೆ ಕಚೇರಿಯೇ ಇತ್ತು! ಗೋಡೆ ತುಂಬ ಊರೂರಿನ ಗೂಡುಗಳು, ಕಣ್ಣೆತ್ತದೆ ಅವುಗಳಿಗೆ ಕಾಗದ ಎಸೆಯುವ ಕೈಗಳು. ಬಾಯಿ ತೆರೆದು ನಿಂತುಬಿಟ್ಟೆ.

“ಕೊಡಿ ಕಣಮ್ಮ, ರೈಲು ಹೊರಡ್ತದೆ” ಎಂದು ಒಬ್ಬರು ಲಕೋಟೆ ಕಿತ್ತುಕೊಂಡು ಮುದ್ರೆ ಒತ್ತಿದರು.

“ತಾರೀಖು ತೋರಿಸಿ.”

“ನಂಬಿಕೆ ಇಲ್ವಾ?”

“ನಾನು ಒಬ್ಬಳೇ ಕೂತು ಓದು ಕಲಿತಿದ್ದೇ ಅದಕ್ಕೆ ಕಣ್ರೀ.”

ನಗುತ್ತಾ ಕಿಟಕಿಗೆ ಹಿಡಿದರು. ಅಂದಿನದೇ ತಾರೀಖು. ಉಪಕಾರವಾಯಿತು ಎನ್ನುವಷ್ಟರಲ್ಲಿ ಆ ಅಂಚೆ ಕಚೇರಿ ಶ್ರೀರಂಗಪಟ್ಟಣದ ಕಡೆ ಹೊರಟೇಬಿಟ್ಟಿತ್ತು.