ಮಣ್ಣು ಹಾಕುವ ಮೊದಲೇ ಕೇಳುವ ಗಂಗಾಧರಪ್ಪ

ಶಿವಮೊಗ್ಗದ ಆಲ್ಕೊಳ ಬಡಾವಣೆಯ ಆ ಮನೆಯ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಮಿಯಾನದವರು ಕುರ್ಚಿ ಇಳಿಸುತ್ತಿದ್ದಾರೆ. ಗೇಟಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಗಂಗಾಧರಪ್ಪ ಹಸಿ ಬಿದಿರು ಸೀಳಿ ಹಗ್ಗದಿಂದ ಬಿಗಿಯುತ್ತಿದ್ದಾರೆ. ತೀರಿಕೊಂಡ ಹಿರಿಯರನ್ನು ಕೂರಿಸಿ ಸಮಾಧಿಗೆ ಒಯ್ಯುವ ವಿಮಾನ ಮಧ್ಯಾಹ್ನದೊಳಗೆ ಸಿದ್ಧವಾಗಬೇಕು. ಊರಿನ ಎಷ್ಟೋ ಲಿಂಗಾಯತ ಮನೆಗಳಲ್ಲಿ ಸಾವಾದರೆ ಮೊದಲು ಇವರಿಗೇ ಹೇಳಿಕಳಿಸುತ್ತಾರೆ.

ಒಂದು ಪಟ್ಟಿ ಕಟ್ಟಿ ಮುಗಿಸಿದವರು ಎದ್ದು, ಪಂಚೆಗೆ ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತ ಮಗನ ಹತ್ತಿರ ಹೋಗುತ್ತಾರೆ.

"ತಪ್ಪು ತಿಳ್ಕೋಬೇಡಿ. ಅಪ್ಪಾವ್ರು ತಗೊಳ್ತಿದ್ದ ಮಾತ್ರೆ ಏನಾದ್ರೂ ಉಳಿದಿದ್ರೆ ಕೊಡ್ತೀರಾ?"

ಮಗನ ಮುಖ ಕೆಂಪಾಗುತ್ತದೆ. "ಹೆಣ ಇನ್ನೂ ಒಳಗಿದೆ. ಈಗ್ಲೇ ಕೇಳೋಕೆ ಬಂದ್ಯಾ? ನಿನ್ನ ಕೆಲಸ ಎಷ್ಟಿದೆಯೋ ಅಷ್ಟು ನೋಡ್ಕೋ!"

ಗಂಗಾಧರಪ್ಪ ತಲೆತಗ್ಗಿಸಿ ಬಂದು ಮತ್ತೆ ಬಿದಿರಿನ ಮುಂದೆ ಕೂರುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ ಮುಜುಗರ, ಅವರಿಗಿಲ್ಲ. "ಬೈಲಿ ಬಿಡಿ ಸರ್. ಅವರ ಸಂಕಟ ಅವರಿಗೆ. ಮೊದ್ಲೆಲ್ಲ ನಾನೂ ಮಣ್ಣಾಗೋ ತನಕ ಬಾಯಿ ಬಿಡ್ತಿರಲಿಲ್ಲ."

ವರ್ಷದ ಉಳಿದ ದಿನ ಇವರು ಬಿದಿರು ಅಂಗಡಿಯಲ್ಲಿ ಏಣಿ ಕಟ್ಟುವ ಕೆಲಸಗಾರ. ಹೆಂಡತಿ ಈಶ್ವರಮ್ಮ ಆಸ್ಪತ್ರೆಯೊಂದರಲ್ಲಿ ಆಯಾ. ಏಳೆಂಟು ವರ್ಷದ ಹಿಂದೆ, ಸಾವಿನ ಮನೆಯೊಂದರವರು ಸತ್ತವರ ಬಟ್ಟೆಯ ಜೊತೆ ಮಾತ್ರೆಯ ಡಬ್ಬಿಗಳನ್ನೂ ಚರಂಡಿಗೆ ಎಸೆದದ್ದನ್ನು ಗಂಗಾಧರಪ್ಪ ಕಂಡರು. ಚೀಟಿ ಬರೆಸಿಕೊಂಡು ಔಷಧಿ ಕೊಳ್ಳಲಾಗದೆ ಮನೆಗೆ ಹೋಗುವವರ ಕಥೆಯನ್ನು ಈಶ್ವರಮ್ಮ ದಿನವೂ ಹೇಳುತ್ತಿದ್ದರು. ಇಬ್ಬರ ತಲೆಯೂ ಒಂದೇ ಕಡೆ ಓಡಿತು. ಅಂದಿನಿಂದ ಇವರು ಕೇಳಿ ತರುತ್ತಾರೆ, ಆಕೆ ಡಾಕ್ಟರಿಗೆ ಒಪ್ಪಿಸುತ್ತಾರೆ. ಸೀಲು, ತಾರೀಖು ನೋಡಿದ ಮೇಲಷ್ಟೇ ಡಾಕ್ಟರು ಅದನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಗಂಡಹೆಂಡತಿಗೆ ಇದರಲ್ಲಿ ಕಾಸಿನ ಲಾಭವಿಲ್ಲ.

ಹೀಗೆ ಪರಿಚಯವಾದವಳು ಭದ್ರಾವತಿಯ ವಿಮಲಾ. ಗಂಡ ಗೋವಿಂದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ವಿಮಲಾಗೆ ರಕ್ತದ ಕ್ಯಾನ್ಸರ್. ನಮ್ಮ ದೇಶದಲ್ಲೇ ತಯಾರಾದ ಮಾತ್ರೆ ನುಂಗುತ್ತಾ, ಸಾಲಸೋಲ ಮಾಡಿಕೊಂಡೇ ಆದರೂ, ಒಂದು ವರ್ಷ ಮನೆಗೆಲಸ ಮಾಡಿಕೊಂಡು ಓಡಾಡಿಕೊಂಡಿದ್ದಳು. ಈ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಆ ಮಾತ್ರೆ ಅಂಗಡಿಯಿಂದ ಮಾಯವಾಯಿತು. ಅದನ್ನು ಮಾರುವ ಹಕ್ಕು ತನಗೆ ಮಾತ್ರ ಎಂದು ಹೊರದೇಶದ ಕಂಪನಿಯೊಂದು ಸರ್ಕಾರದಿಂದ ಅಪ್ಪಣೆ ಪಡೆದಿತ್ತು. ಆ ಕಂಪನಿಯ ಮಾತ್ರೆಗೆ ಒಂದು ತಿಂಗಳಿಗೆ ಬೇಕಾಗುವ ದುಡ್ಡು ಗೋವಿಂದನ ಮೂರು ವರ್ಷದ ಕೂಲಿಗಿಂತ ಹೆಚ್ಚು. ಬಡವರಿಗೆ ಪುಕ್ಕಟೆ ಕೊಡುವ ಏರ್ಪಾಡಿದೆ ಎಂದು ಕೇಳಿ ಅರ್ಜಿ ಹಾಕಿದರು. ಅದಕ್ಕೆ ಉತ್ತರ ಬರುವವರೆಗೆ ವಿಮಲಾ ಬದುಕಿರಬೇಕಿತ್ತು. ಅವಳು ಉಳಿದ ಮಾತ್ರೆಗಳನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗತೊಡಗಿದಳು.

ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಷಡಕ್ಷರಪ್ಪ ತೀರಿಕೊಂಡರು. ವಿಮಾನಕ್ಕೆ ಅಳತೆ ತೆಗೆಯಲು ಒಳಗೆ ಹೋದ ಗಂಗಾಧರಪ್ಪನ ಕಣ್ಣಿಗೆ ಬಿದ್ದದ್ದು ಮಂಚದ ಪಕ್ಕದ ಕಿಟಕಿಯಲ್ಲಿದ್ದ ಎರಡು ಡಬ್ಬಿ. ಸೀಲು ಒಡೆದಿರಲಿಲ್ಲ. ವಿಮಲಾಗೆ ಬೇಕಿದ್ದ ಅದೇ ಮಾತ್ರೆ, ಎರಡು ತಿಂಗಳಿಗಾಗುವಷ್ಟು.

"ಕೇಳೋ ಮಾತು ಬಾಯಿಗೆ ಬಂತು ಸರ್, ನುಂಗಿಕೊಂಡೆ. ಅವರ ಹೆಂಡ್ತಿ ಮಹಾಂತಮ್ಮೋರು ಅಲ್ಲೇ ಕೂತು ಅಳ್ತಿದ್ರು. ಹೆಣದ ಮುಂದೆ ನಿಂತು ಕೇಳೋದಾ? ಸಾಯೋದನ್ನೇ ಕಾಯ್ತಿದ್ದ ಅಂದ್ಕೊಳಲ್ವಾ? ಮಣ್ಣಾದ್ಮೇಲೆ ಕೇಳ್ತೀನಿ ಅಂತ ಹೊರಗೆ ಬಂದ್ಬಿಟ್ಟೆ."

ಹೊರಗೆ ಬಿದಿರು ಕಟ್ಟುತ್ತಿದ್ದಾಗ ಪಕ್ಕದಲ್ಲಿ ಅಮೆರಿಕದಿಂದ ರಜಕ್ಕೆ ಬಂದಿದ್ದ ನೆಂಟರೊಬ್ಬರು ಮಾತಾಡುತ್ತಿದ್ದರಂತೆ. ಸಕ್ಕರೆ ಕಾಯಿಲೆಯ ಮಾತ್ರೆ ಅಲ್ಲಿ ಬಲು ದುಬಾರಿ, ಅದಕ್ಕೇ ಇಲ್ಲಿಂದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುತ್ತೇನೆ ಎಂದರಂತೆ. ಗಂಗಾಧರಪ್ಪ ಧೈರ್ಯ ಮಾಡಿ, ಈ ಕ್ಯಾನ್ಸರ್ ಮಾತ್ರೆಗೆ ಅಲ್ಲಿ ಎಷ್ಟು ಎಂದು ಕೇಳಿದರು. ಹೆಚ್ಚುಕಮ್ಮಿ ಇಲ್ಲಿಯಷ್ಟೇ, ಇಂಗ್ಲೆಂಡಿನಲ್ಲಾದರೆ ಸರ್ಕಾರವೇ ಕೊಡುತ್ತದೆ ಎಂಬ ಉತ್ತರ ಬಂತು.

"ನಂಗೆ ಅರ್ಥವೇ ಆಗ್ಲಿಲ್ಲ. ಅವರಿಗೆ ದುಬಾರಿ ಆದ್ರೆ ಇಲ್ಲಿ ಬಂದು ತಗೋತಾರೆ. ನಮ್ಮ ವಿಮಲಾ ಎಲ್ಲಿಗೆ ಹೋಗ್ಬೇಕು? ಕೂಲಿ ಮಾತ್ರ ಭದ್ರಾವತೀದು, ಮಾತ್ರೆ ರೇಟು ಅಮೆರಿಕದ್ದು!"

ನನಗೂ ಅರ್ಥವಾಗಿಲ್ಲ. ಅರ್ಥವಾದವರು ಹೇಳುವ ಕಾರಣಗಳನ್ನು ಓದಿದ್ದೇನೆ. ಸಂಶೋಧನೆಗೆ ಕೋಟ್ಯಂತರ ಸುರಿದಿದ್ದಾರಂತೆ, ಅದು ವಾಪಸ್ ಬರಬೇಕಂತೆ. ಬರಲಿ, ಯಾರು ಬೇಡ ಅಂದರು? ಆದರೆ ಡಾಲರಿನಲ್ಲಿ ಸಂಬಳ ಎಣಿಸುವವನಿಗೂ ಗೋವಿಂದನಿಗೂ ಒಂದೇ ದರ ಹೇಳುವ ಲೆಕ್ಕವನ್ನು ನ್ಯಾಯ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಸಂಜೆ ಸಮಾಧಿ ಮುಗಿಸಿ ಎಲ್ಲರೂ ಮನೆಗೆ ಬಂದು, ದೀಪ ನೋಡಿ ಕೂತ ಮೇಲೆ ಗಂಗಾಧರಪ್ಪ ಮೆಲ್ಲಗೆ ಕೇಳಿದರು. ಮಹಾಂತಮ್ಮ ಗಾಬರಿಯಿಂದ ಮುಖ ನೋಡಿದರಂತೆ.

"ಅಯ್ಯೋ ಮಾರಾಯ, ಅದನ್ನ ಅವರ ಮಡಿಲಲ್ಲೇ ಇಟ್ಟೆನಲ್ಲೋ! ಒಂದು ಹೊತ್ತು ಮಾತ್ರೆ ತಪ್ಪಿದ್ರೆ ಹೆದರ್ಕೊಳ್ತಿದ್ರು. ಅಲ್ಲಿ ಯಾರು ಕೊಡ್ತಾರೆ ಅಂತ ಕನ್ನಡಕದ ಜೊತೆ ಶಲ್ಯದಲ್ಲಿ ಕಟ್ಟಿ ಇಟ್ಟುಬಿಟ್ಟೆ."

ವಿಮಾನದಲ್ಲಿ ಕೂತ ಷಡಕ್ಷರಪ್ಪನವರ ಮಡಿಲಿನ ಗಂಟನ್ನು ಗಂಗಾಧರಪ್ಪ ನೋಡಿದ್ದರು. ಪತ್ರೆ, ವಿಭೂತಿ ಇರಬೇಕೆಂದುಕೊಂಡಿದ್ದರು. ಎಲ್ಲರಂತೆ ತಾವೂ ಗುಣಿಗೆ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದರು.

ವಿಷಯ ತಿಳಿದ ಮಹಾಂತಮ್ಮ, "ತೆಗೆಸಿ, ಅವರೇನೂ ಬೇಜಾರು ಮಾಡ್ಕೊಳಲ್ಲ" ಎಂದು ಹಟ ಹಿಡಿದರು. ಮುಚ್ಚಿದ ಸಮಾಧಿ ತೆರೆಯಲು ಹಿರಿಯರು ಒಪ್ಪಲಿಲ್ಲ. ಗಂಗಾಧರಪ್ಪನೂ ಒತ್ತಾಯಿಸಲಿಲ್ಲ. "ಆಯಮ್ಮ ಪ್ರೀತಿಯಿಂದ ಇಟ್ಟಿದ್ದು ಸರ್. ಯಾರನ್ನ ಅನ್ನೋದು? ನಾನು ಬೆಳಿಗ್ಗೆ ಒಂದು ಮಾತು ಕೇಳಿದ್ರೆ ಆಗಿಹೋಗ್ತಿತ್ತು." ಇಷ್ಟು ಹೇಳಿ ಕತ್ತಿ ಎತ್ತಿಕೊಂಡು ಇನ್ನೊಂದು ಬಿದಿರು ಸೀಳುತ್ತಾರೆ.

ವಿಮಲಾ ಮುಂದಿನ ತಿಂಗಳು ತೀರಿಕೊಂಡಳು. ಆ ಎರಡು ಡಬ್ಬಿ ಸಿಕ್ಕಿದ್ದರೆ ಉಳಿಯುತ್ತಿದ್ದಳೇ ಎಂದರೆ ಡಾಕ್ಟರು ಹೇಳಲಾರೆ ಎನ್ನುತ್ತಾರೆ. ಅರ್ಜಿ ಮಂಜೂರಾದ ಸುದ್ದಿ ಅವಳ ತಿಥಿ ಕಳೆದ ಮೇಲೆ ಬಂತು. ಇದನ್ನು ಬರೆಯುವಾಗ ನನಗೆ ಅಳುವಿಗಿಂತ ಹೆಚ್ಚು ಸಿಟ್ಟು ಬರುತ್ತಿದೆ.

ಅದಾದ ಕೆಲವು ದಿನಕ್ಕೆ ಗೋವಿಂದ ಬಸ್ಸು ಹತ್ತಿ ಬಿದಿರು ಅಂಗಡಿಗೆ ಬಂದ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ನಾಲ್ಕು ಮಾತ್ರೆ ಇದ್ದವು.

"ಅಣ್ಣಾ, ನಮ್ಮನೇಲಿ ಕೇಳೋಕೆ ನಿಮಗೆ ಬಾಯಿ ಬರಲ್ಲ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ನೀನೇ ಹೋಗಿ ಕೊಟ್ಟು ಬಾ ಅಂತ ಹೇಳಿದ್ಲು. ಕೊನೆ ವಾರ ನುಂಗಲೇ ಇಲ್ಲ ಅಣ್ಣಾ. ನನಗಿನ್ನು ಸಾಕು, ಬೇರೆಯವರಿಗೆ ಆಗ್ಲಿ ಅಂತ ಎತ್ತಿಟ್ಟಿದ್ಲು."

ಅಂದಿನಿಂದ ಗಂಗಾಧರಪ್ಪ ಮಣ್ಣಾಗುವ ತನಕ ಕಾಯುವುದಿಲ್ಲ. ಮಹಾಂತಮ್ಮ ಕೂಡ ನೆಂಟರಿಷ್ಟರ ಮನೆಗಳಲ್ಲಿ ಸಾವಾದರೆ ಫೋನು ಮಾಡಿ, ಗಂಗಾಧರಪ್ಪ ಕೇಳುವ ಮೊದಲೇ ಕೊಟ್ಟುಬಿಡಿ ಎನ್ನುತ್ತಾರಂತೆ. ಆದರೂ ಬೈಗುಳ ತಪ್ಪಿಲ್ಲ. ಒಮ್ಮೆ ಒಬ್ಬರು ಕೊರಳಪಟ್ಟಿಗೇ ಕೈ ಹಾಕಿದ್ದರು.

ಆಲ್ಕೊಳದ ಮನೆಯಲ್ಲಿ ಈಗ ಬಿಸಿಲು ಬಂದಿದೆ. ವಿಮಾನಕ್ಕೆ ಹೂವು ಏರುತ್ತಿದೆ. ಬೆಳಿಗ್ಗೆ ಕೂಗಾಡಿದ ಮಗ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಒಂದು ಪ್ಲಾಸ್ಟಿಕ್ ಚೀಲವನ್ನು ಬಿದಿರಿನ ಪಕ್ಕ ಇಟ್ಟು ಹೋಗುತ್ತಾರೆ. ಗಂಗಾಧರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಟವೆಲಿನಲ್ಲಿ ಸುತ್ತುತ್ತಾರೆ.

ನಿಮ್ಮ ನಂತರ ಈ ಕೆಲಸ ಯಾರು ಮಾಡುತ್ತಾರೆ ಎಂದು ಕೇಳುತ್ತೇನೆ.

"ಯಾರೂ ಮಾಡಬಾರದು ಸರ್. ನಾನು ಬಿ.ಪಿ. ಮಾತ್ರೆ ತಗೋತೀನಿ. ನಾಳೆ ನಾನು ಸತ್ರೆ ಅದನ್ನ ಕೇಳ್ಕೊಂಡು ಯಾರೂ ಬರಲ್ಲ. ಯಾಕಂದ್ರೆ ಅದು ಎಲ್ಲರ ಕೈಗೂ ಎಟುಕುತ್ತೆ. ಎಲ್ಲಾ ಮಾತ್ರೆನೂ ಹಂಗೇ ಆಗ್ಲಿ. ಸತ್ತೋರ ಮನೇಲಿ ಮಾತ್ರೆ ಕೇಳ್ತಿದ್ದೋನು ಒಬ್ಬ ಇದ್ದ ಅಂದ್ರೆ, ಮುಂದಿನ ಜನ ನಂಬಲೇಬಾರದು."