ಗಂಟಿನಲ್ಲಿ ಉಳಿದ ಬಿಸ್ಕತ್ತು

ಧರ್ಮಪುರಿ ಬಸ್ ಸ್ಟ್ಯಾಂಡಿನಿಂದ ಚಿಕ್ಕಪ್ಪನನ್ನು ಮನೆಗೆ ಕರೆತಂದ ದಿನ ಅಜ್ಜಿ ಅವನ ಮುಖಕ್ಕಿಂತ ಮೊದಲು ನೋಡಿದ್ದು ಅವನ ಬ್ಯಾಗನ್ನು. ಚಿಕ್ಕಪ್ಪ ಜನರೇಟರ್ ಮೆಕ್ಯಾನಿಕ್. ಅಂಟಾರ್ಕ್ಟಿಕಾದ ಹಿಮದಲ್ಲಿ ಒಂದು ವರ್ಷ ಕಳೆದು ಬಂದಿದ್ದ. ಅಲ್ಲಿನ ಸಂಶೋಧನಾ ಕೇಂದ್ರದವರು ಮತ್ತೆ ಬಾ ಎಂದು ಆಗಲೇ ಕರೆದಿದ್ದರು. ಅವನಿಗೂ ಹೋಗುವ ಆಸೆ. ಅಜ್ಜಿ ಒಪ್ಪಬೇಕಿತ್ತು.

ನಮ್ಮದು ಕುರಿ ಸಾಕುವ ಮನೆ. ಮಂದೆಯ ಜೊತೆ ದೂರ ಹೋಗುವವನಿಗೆ ರಾಗಿ ಹುರಿಹಿಟ್ಟಿನ ಗಂಟು ಕಟ್ಟಿಕೊಡುತ್ತಾರೆ. ಹಿಂದಿರುಗುವಾಗ ಅದರಲ್ಲಿ ಒಂದು ಹಿಡಿಯಾದರೂ ಉಳಿದಿರಬೇಕು. ಗಂಟು ಬರಿದಾಗಿದ್ದರೆ ಅವನು ಹಸಿದಿದ್ದ ಎಂದೇ ಲೆಕ್ಕ. ಅಷ್ಟು ದೂರ ಅವನನ್ನು ಮತ್ತೆ ಕಳಿಸುವುದಿಲ್ಲ.

ಚಿಕ್ಕಪ್ಪನಿಗೂ ಕಟ್ಟಿಕೊಟ್ಟಿದ್ದ ಗಂಟನ್ನು ಅಜ್ಜಿ ಬ್ಯಾಗಿನಿಂದ ತೆಗೆದು ಬಿಚ್ಚಿದಳು. ಹಿಟ್ಟಿರಲಿಲ್ಲ. ಅಂಗೈಯಗಲದ ಕಂದು ಬಿಲ್ಲೆಯೊಂದಿತ್ತು.

"ಇದೇನ್ಲಾ, ಅಷ್ಟ್ ದೂರ ಓಗಿ ಕುರಿಗೆ ಇಂಡಿ ತಂದಿದ್ದೀಯಾ?" ಎಂದವಳೇ, ಕುರಿಗಳಿಗೆಂದು ಕಡಲೆಕಾಯಿ ಹಿಂಡಿ ನೆನೆಹಾಕಿದ್ದ ಬಕೆಟ್ಟಿಗೆ ಅದನ್ನು ಹಾಕಿಬಿಟ್ಟಳು.

"ಅಯ್ಯೋ ಅವ್ವ, ಅದು ಮನುಸ್ರು ತಿನ್ನೋ ಬಿಸ್ಕತ್ತು!" ಚಿಕ್ಕಪ್ಪ ಮೊಣಕೈವರೆಗೆ ಕೈಯಿಳಿಸಿ ತಡಕಾಡಿದ.

"ಮನುಸ್ರಾ? ಅಲ್ಲಿಗ್ ಓಗೋರಿಗೆಲ್ಲ ಕುರಿ ಹಲ್ಲು ಕಟ್ಟಿಸ್ತಾರಾ?"

ಬಿಸ್ಕತ್ತು ಆಚೆ ಬಂತು. ಅಂಚು ಕೂಡ ಮೆತ್ತಗಾಗಿರಲಿಲ್ಲ. ನಾನು ಅದನ್ನು ಜಗಲಿ ಕಲ್ಲಿಗೆ ತಟ್ಟಿದೆ, ಹೆಂಚಿನಂತೆ ಸದ್ದಾಯಿತು. ಎಷ್ಟೋ ವರ್ಷ ಕೆಡುವುದಿಲ್ಲವಂತೆ. ಹಿಮದ ಮೇಲೆ ದೂರ ಹೋಗುವಾಗ ಇದು ಜೊತೆಗಿರಲೇಬೇಕಂತೆ.

"ಒಂದ್ ಸಲಿ ಗಾಳಿ ಎದ್ದು ಮೂರ್ ದಿನ ಟೆಂಟಲ್ಲೇ ಕುಂತಿದ್ವಿ. ಆಚೆ ಕೈ ಚಾಚಿದ್ರೆ ನಂ ಕೈ ನಮಗೇ ಕಾಣಾಕಿಲ್ಲ. ಗಾಳಿ ನಿಂತ್ಮೇಲೆ ಈಚೆ ಬಂದ್ರೆ, ಎತ್ತ ನೋಡಿದ್ರೂ ಬೆಳ್ಳಗೆ. ಒಂದ್ ಗಿಡ ಇಲ್ಲ, ಒಂದ್ ಇರುವೆ ಇಲ್ಲ. ನನ್ ಉಸಿರೇ ನಂಗೆ ಜೋರಾಗಿ ಕೇಳ್ತಿತ್ತು."

ನನ್ನ ಡೈರಿಯಲ್ಲಿ 'ಎರಡು ದಿನ' ಎಂದಿದೆ. ಮೂರು ಎಂದದ್ದು ಅವನೋ, ಆಮೇಲೆ ಬೆಳೆಸಿದ್ದು ನಾನೋ, ತಿಳಿಯದು. ಮುಂದಿನ ಮಾತನ್ನು ಮಾತ್ರ ಅಂದೇ, ಆಡಿದಂತೆಯೇ ಬರೆದಿಟ್ಟುಕೊಂಡಿದ್ದೇನೆ.

"ಅಸಿವಾಗ್ಲಿಲ್ವಾ?" ಎಂದಳು ಅಜ್ಜಿ.

"ಆಗಿತ್ತು."

"ಮತ್ತೆ ಇದನ್ಯಾಕ್ ಉಳಿಸ್ದೆ?"

"ರಾಗಿ ಇಟ್ಟು ಮುಗಿದೋಗಿತ್ತಲ್ಲವ್ವ. ಬರೀ ಗಂಟು ತಂದ್ರೆ ನೀನು ಕಳ್ಸಾಕಿಲ್ಲ."

ಅಜ್ಜಿ ಎದ್ದಳು. ಬಿಸ್ಕತ್ತನ್ನು ಒರಳಿಗೆ ಹಾಕಿ ಕುಟ್ಟಿದಳು. ಗಂಟಿನಲ್ಲಿ ಉಳಿದು ಬಂದ ಹಿಟ್ಟನ್ನು ಪ್ರತಿಸಲ ಹಂಚುವಂತೆಯೇ ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು. ನನ್ನ ಚೂರು ಬಾಯಲ್ಲಿ ಕರಗಲು ಬಹಳ ಹೊತ್ತು ಹಿಡಿಯಿತು. ಬರೀ ಹಿಟ್ಟು, ತುಸು ಉಪ್ಪು. ಆದರೂ ಅಗಿಯಲು ಧೈರ್ಯ ಬರಲಿಲ್ಲ. ಇರುವೆಯೂ ಇಲ್ಲದ ಆ ಬಿಳುಪಿನಲ್ಲಿ, ಹಸಿದವನ ಕೈಗೆಟುಕುವಂತಿದ್ದೂ ಉಳಿದು ಬಂದದ್ದು ಈಗ ನನ್ನ ನಾಲಿಗೆಯ ಮೇಲಿತ್ತು.

ಚಿಕ್ಕಪ್ಪ ಹೊರಟ ದಿನ ಅಜ್ಜಿ ಮೊದಲಿಗಿಂತ ದೊಡ್ಡ ಗಂಟು ಕಟ್ಟಿದಳು. ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಆಡಿದಳು:

"ಈ ಸಲಿ ಒಂದ್ ಚಿಟಿಕೇನೂ ಉಳಿಸ್ಬೇಡ ಕಣ್ಲಾ. ಬರೀ ಗಂಟಿನ್ ಬಟ್ಟೆ ತಕ್ಕಂಬಾ, ಸಾಕು."